ಮೆಲ್ಲಗಪ್ಪನಿಗೆ ಬೇಕಾಗಿದ್ದ ಕ್ರಿಯಾಪದ

ಗಾಯಕ್ಕೆ ಅಂಟಿಕೊಂಡ ಬಟ್ಟೆಯನ್ನು ಬಿಡಿಸುವುದಕ್ಕೆ ಎರಡು ದಾರಿಗಳಿವೆ. ಒಂದು, ತುದಿ ಹಿಡಿದು ಒಂದೇ ಏಟಿಗೆ ಕೀಳುವುದು. ಇನ್ನೊಂದು, ಬೆಚ್ಚಗಿನ ಉಪ್ಪುನೀರು ಹನಿಸಿ, ಬಟ್ಟೆ ತಾನಾಗಿ ಮೇಲೇಳುವವರೆಗೆ ಕಾಯುವುದು. ಮೊದಲನೆಯದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಎರಡನೆಯದಕ್ಕೆ ಇಪ್ಪತ್ತು ನಿಮಿಷ ಬೇಕು. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಎರಡು ವರ್ಷದಿಂದ ನನ್ನ ಎಡ ಹಿಮ್ಮಡಿಯಲ್ಲಿ ಸಕ್ಕರೆ ಕಾಯಿಲೆಯ ಗಾಯವೊಂದು ಬಿಡಾರ ಹೂಡಿದೆ. ಹೋಗು ಎಂದರೆ ಹೋಗುವುದಿಲ್ಲ, ಇರು ಎಂದು ಕರೆದವರೂ ಇಲ್ಲ. ದಿನ ಬಿಟ್ಟು ದಿನ ದೊಡ್ಡಾಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಗೆ ಹೋಗಿ ಅದಕ್ಕೆ ಬಟ್ಟೆ ಬದಲಾಯಿಸಿಕೊಂಡು ಬರಬೇಕು. ಅಲ್ಲಿ ಆ ಎರಡನೆಯ ದಾರಿಯಲ್ಲಿ ನಡೆಯುತ್ತಿದ್ದವನು ಒಬ್ಬನೇ. ಅವನನ್ನು ಇಡೀ ಆಸ್ಪತ್ರೆ ‘ಮೆಲ್ಲಗಪ್ಪ’ ಎಂದು ಕರೆಯುತ್ತದೆ.

ಆ ಹೆಸರನ್ನು ಇಟ್ಟವನು ನಾನು. ಹೇಳಿಕೊಳ್ಳಲು ಹೆಮ್ಮೆಯ ಸಂಗತಿಯಲ್ಲ. ನಲವತ್ತನಾಲ್ಕು ವರ್ಷದ ಹಿಂದೆ ಅವನು ನನ್ನ ಏಳನೆಯ ತರಗತಿಯಲ್ಲಿ, ಕಿಟಕಿಯ ಪಕ್ಕದ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ. ಉಳಿದವರು ಎರಡು ಪುಟ ನಕಲು ಮಾಡಿ ಮುಗಿಸುವ ಹೊತ್ತಿಗೆ ಅವನು ನಾಲ್ಕು ಸಾಲು ಬರೆದಿರುತ್ತಿದ್ದ. ಒಂದು ಅಕ್ಷರ ಕೆಟ್ಟರೆ ರಬ್ಬರು ತೆಗೆದು, ಕಾಗದಕ್ಕೆ ಗಾಯವಾಗದ ಹಾಗೆ ಉಜ್ಜಿ, ಊದಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಬರೆಯುತ್ತಿದ್ದ. ಒಂದು ದಿನ ನನ್ನ ತಾಳ್ಮೆ ತಪ್ಪಿ, “ಏನಪ್ಪಾ ಮೆಲ್ಲಗಪ್ಪಾ, ಈ ವರ್ಷ ಮುಗಿಸ್ತೀಯೋ ಮುಂದಿನ ವರ್ಷವೋ?” ಎಂದೆ. ತರಗತಿ ನಕ್ಕಿತು. ಅವನೂ ನಕ್ಕ. ಹೆಸರು ಅಂಟಿಕೊಂಡಿತು. ಇಂಗ್ಲಿಷಿನಲ್ಲಿ ನಪಾಸಾಗಿ ಶಾಲೆ ಬಿಟ್ಟು ಆಸ್ಪತ್ರೆ ಸೇರಿದಾಗ, ಅವನ ಹಿಂದೆಯೇ ಆ ಹೆಸರೂ ಹೋಗಿ ಕೆಲಸಕ್ಕೆ ಸೇರಿತು.

ಡ್ರೆಸ್ಸಿಂಗ್ ಕೋಣೆಯಲ್ಲಿ ಅವನ ಪದ್ಧತಿ ಹೀಗಿತ್ತು. ಮೊದಲು ರೋಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಗಾಯದ ಕೈಯನ್ನೋ ಕಾಲನ್ನೋ ರಬ್ಬರು ಹಾಳೆ ಹಾಸಿದ ಹಲಗೆಯ ಮೇಲೆ ಇಡಿಸುವನು. ಬಿಸಿನೀರಿನಲ್ಲಿ ಇಟ್ಟು ಬೆಚ್ಚಗಾಗಿಸಿದ ಸಲೈನ್ ಬಾಟಲಿಯನ್ನು ತನ್ನ ಕೆನ್ನೆಗೆ ತಾಗಿಸಿ ಹದ ನೋಡುವನು. ಹನಿಹನಿಯಾಗಿ ಬಿಡುವನು. ಆಮೇಲೆ ಸುಮ್ಮನೆ ಕೂರುವನು. “ಬಟ್ಟೆ ತೇಲಬೇಕು” ಎನ್ನುವನು. ಮೇಲಿನ ಪದರಗಳನ್ನೆಲ್ಲ ತಾನೇ ಬಿಡಿಸಿ, ಗಾಯಕ್ಕೆ ತಾಗಿದ ಕೊನೆಯ ಪದರಕ್ಕೆ ಬಂದಾಗ ಚಿಮ್ಮಟವನ್ನು ರೋಗಿಯ ಕೈಗೇ ಕೊಡುವನು. “ಇದು ನಿಮ್ಮ ಕೈಲೇ ಆಗಲಿ. ಎಲ್ಲಿ ನಿಲ್ಲಿಸಬೇಕು ಅಂತ ನನಗೇನು ಗೊತ್ತಾಗುತ್ತೆ? ನೋವು ನಿಮ್ಮದು.”

ಮೂವತ್ತು ವರ್ಷ ಹೀಗೆಯೇ ನಡೆಯಿತು. ಹಿಂದಿನ ವರ್ಷ ಹೊಸ ಆಡಳಿತಾಧಿಕಾರಿ ಬಂದರು. ಗಂಟೆಗೆ ಎಂಟು ಡ್ರೆಸ್ಸಿಂಗ್ ಆಗಬೇಕೆಂದು ಗೋಡೆಗೆ ಅಂಟಿಸಿದರು. ಮೆಲ್ಲಗಪ್ಪ ಗಂಟೆಗೆ ಮೂರು ಮುಗಿಸಿದರೆ ಹೆಚ್ಚು.

ಒಂದು ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ಚಪ್ಪಲಿಯನ್ನು ಗೋಡೆಗೆ ಸಮನಾಗಿ ಜೋಡಿಸಿಟ್ಟು, ಜೇಬಿನಿಂದ ಮಡಿಸಿದ ಕಾಗದ ತೆಗೆದ.

“ಮೇಷ್ಟ್ರೇ, ಇದನ್ನ ಸ್ವಲ್ಪ ಓದಿ ಹೇಳ್ತೀರಾ? ಆಫೀಸಲ್ಲಿ ಕೊಟ್ಟರು. ಕೈಗೆ ಕೊಡುವಾಗ ಗುಮಾಸ್ತ ಮುಖ ನೋಡಲಿಲ್ಲ. ಅದಕ್ಕೇ ಭಯ.”

ಇಂಗ್ಲಿಷಿನಲ್ಲಿದ್ದ ಮೆಮೋ ಅದು. ಒಂದು ಡ್ರೆಸ್ಸಿಂಗಿಗೆ ನಿಗದಿಗಿಂತ ಇಷ್ಟು ಹೆಚ್ಚು ಸಮಯ ಏಕೆ ತೆಗೆದುಕೊಳ್ಳುತ್ತೀರಿ ಎಂಬುದಕ್ಕೆ ಏಳು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು; ಅದೂ ಇಂಗ್ಲಿಷಿನಲ್ಲಿ, ಮೇಲಿನ ಕಚೇರಿಗೆ ಹೋಗುವ ಕಾರಣ; ಅದೂ ಸ್ವಹಸ್ತದಲ್ಲಿ. ಕೊಡದಿದ್ದರೆ ಬಟ್ಟೆ ಉಗ್ರಾಣಕ್ಕೆ ವರ್ಗ. ಉಗ್ರಾಣವೆಂದರೆ ಹಾಸಿಗೆ ಹೊದಿಕೆ, ದಿಂಬಿನ ಚೀಲ, ಹಸಿರು ಗೌನುಗಳನ್ನು ಎಣಿಸಿ ಕೊಡುವ, ಎಣಿಸಿ ತೆಗೆದುಕೊಳ್ಳುವ ಕೋಣೆ.

ನಾನು ಅರ್ಥ ಹೇಳಿದೆ. ಅವನು ತನ್ನ ಕೈಗಳನ್ನು ನೋಡಿಕೊಂಡ.

“ನಿವೃತ್ತಿಗೆ ಇನ್ನು ನಾಲ್ಕು ವರ್ಷ ಇದೆ. ಗಾಯ ಬಿಟ್ಟು ನನಗೆ ಇನ್ನೇನೂ ಗೊತ್ತಿಲ್ಲ ಮೇಷ್ಟ್ರೇ. ದಿಂಬಿನ ಚೀಲ ಎಣಿಸಿಕೊಂಡು ಕೂತರೆ ನನ್ನ ತಲೆ ಕೆಡುತ್ತೆ. ನೀವು ಒಂದು ಬರೆದುಕೊಡಿ. ನಾನು ನೋಡಿ ಬರೀತೀನಿ.”

“ಏಳು ದಿನ ಇದೆಯಲ್ಲ, ಧಾರಾಳ” ಎಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, “ನಿಮ್ಮಿಬ್ಬರಿಗೂ ಏಳು ದಿನ ಅಂದರೆ ನನಗೆ ಭಯ ಆಗುತ್ತೆ” ಎಂದಳು. ಆ ಮಾತನ್ನು ನಾನು ಹಾಸ್ಯವೆಂದು ತಿಳಿದೆ.

ಮೂವತ್ತಮೂರು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿದ ಕೈ ಇದು. ನಿವೃತ್ತನಾದ ಇಪ್ಪತ್ತು ವರ್ಷದಲ್ಲಿ ಯಾರೂ ನನ್ನಿಂದ ಒಂದು ವಾಕ್ಯ ಕೇಳಿರಲಿಲ್ಲ. ಹಾಗಾಗಿ ನಾನು ಮೈಯುಬ್ಬಿ ಕುಳಿತೆ. ಕಪಾಟಿನಿಂದ ದಪ್ಪ ನಿಘಂಟು ಇಳಿಯಿತು. ಪತ್ರದ ಉಳಿದ ಭಾಗ ಒಂದೇ ಸಂಜೆಯಲ್ಲಿ ಆಯಿತು. ಸಿಕ್ಕಿಕೊಂಡದ್ದು ಒಂದು ಕಡೆ: ಆ ಇಪ್ಪತ್ತು ನಿಮಿಷದಲ್ಲಿ ಇವನು ಏನು ಮಾಡುತ್ತಾನೆ? ಅದಕ್ಕೆ ಕ್ರಿಯಾಪದ ಯಾವುದು?

ಮರುದಿನ ಅವನು ಬಂದಾಗ ಕೇಳಿದೆ. “ನೀನು ಗಾಯ ವಾಸಿ ಮಾಡ್ತೀಯಾ?”

“ಅಯ್ಯೋ, ಅದು ಡಾಕ್ಟರ ಕೆಲಸ. ಅವರದೂ ಅಲ್ಲ, ಮೈಯದು.”

“ಹಾಗಾದರೆ ‘ಕನ್ಸೋಲ್’ ಅನ್ನೋಣವೇ? ಸಮಾಧಾನ ಹೇಳುವುದು.”

“ನಾನು ಬಾಯಿಬಿಟ್ಟು ಏನೂ ಹೇಳೋದಿಲ್ಲವಲ್ಲ ಮೇಷ್ಟ್ರೇ.”

ನಿಜವೇ. ಅದು ಸಾವಿನ ಮನೆಯಲ್ಲಿ, ಕಳೆದುಕೊಂಡವರ ಪಕ್ಕದಲ್ಲಿ ಕುಳಿತು ಮಾಡುವ ಕೆಲಸ. ‘ಸೂದ್’ ಎಂಬುದು ಅಳುವ ಕೂಸಿನ ಬೆನ್ನು ಸವರುವ ಪದ. ಆಡಳಿತಾಧಿಕಾರಿಗೆ ಬರೆಯುವ ಪತ್ರದಲ್ಲಿ ತೀರಾ ಮೆತ್ತಗಾಗುತ್ತದೆ. ‘ರಿಲೀವ್’ ಬರೆದೆ. ಅದು ಎಲ್ಲರಿಗೂ ಗೊತ್ತಿರುವ ಪದ. ಆದರೆ ಅದನ್ನು ಓದಿದವರು ನೋವು ಹೋಯಿತು ಎಂದೇ ತಿಳಿಯುತ್ತಾರೆ. ಇವನಿಗೆ ಅದನ್ನು ಹೇಳಿದಾಗ ಬೇಡವೆಂದು ತಲೆಯಾಡಿಸಿದ.

“ನೋವು ಹೋಗಲ್ಲ. ಹೋಗುತ್ತೆ ಅಂತ ಬರೆದರೆ ಸುಳ್ಳಾಗುತ್ತೆ. ನಾಳೆ ಸಾಹೇಬರೇ ಬಂದು ಸ್ಟೂಲ್ ಮೇಲೆ ಕೂತು ಪರೀಕ್ಷೆ ಮಾಡಿದರೆ?”

ಮೂರನೆಯ ದಿನವೂ ಹೀಗೆಯೇ ಕಳೆಯಿತು. ನಾಲ್ಕನೆಯ ದಿನ ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು: ‘ಅಲೀವಿಯೇಟ್’. ಹಗುರ ಎಂಬ ಅರ್ಥದ ಹಳೆಯ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಬಾಯಿ ತೊಳೆಯದೆಯೇ ನಿಘಂಟು ತೆರೆದೆ. ಅವನು ಬಂದ ಕೂಡಲೇ ಪಾಠ ಶುರುಮಾಡಿದೆ.

“ಕೇಳು. ತಲೆ ಮೇಲೆ ಒಂದು ಹೊರೆ ಇದೆ. ನೀನು ಅದನ್ನ ಇಳಿಸೋದಿಲ್ಲ. ಕೆಳಗಿನಿಂದ ಕೈಕೊಟ್ಟು ಸ್ವಲ್ಪ ಎತ್ತಿ ಹಿಡೀತೀಯ. ಹೊರೆ ಅಲ್ಲೇ ಇರುತ್ತೆ, ಭಾರ ಕಡಿಮೆ ಆಗುತ್ತೆ. ಅದು ಈ ಪದ.”

ಅವನ ಮುಖ ಅರಳಿತು. “ಇದೇ ಮೇಷ್ಟ್ರೇ! ಇದೇ ನಾನು ಮಾಡೋದು. ಇದಕ್ಕೆ ಇಂಗ್ಲಿಷಲ್ಲಿ ಪದ ಇದೆ ಅಂತ ಗೊತ್ತೇ ಇರಲಿಲ್ಲ.”

“ಆದರೆ ಎಚ್ಚರ. ರೋಗಿಯನ್ನ ಅಲೀವಿಯೇಟ್ ಮಾಡೋದಕ್ಕೆ ಆಗೋದಿಲ್ಲ. ರೋಗಿಯ ನೋವನ್ನ, ಸಂಕಟವನ್ನ ಮಾಡಬೇಕು. ಮನುಷ್ಯನನ್ನ ಅಲ್ಲ, ಅವನ ಹೊರೆಯನ್ನ.”

“ಸರಿ ಸರಿ. ಮನುಷ್ಯನನ್ನ ಹಗುರ ಮಾಡೋದು ಬೇರೆ ಇಲಾಖೆ” ಎಂದು ನಕ್ಕ.

ಆ ವಾಕ್ಯವನ್ನು ನಾನು ಕಟ್ಟಿದೆ. ಕನ್ನಡದಲ್ಲಿ ಹೇಳಬೇಕೆಂದರೆ ಅದು ಹೀಗಿತ್ತು: ನೋವುಂಡವರ ಸಂಕಟವನ್ನು, ಆತುರವಿಲ್ಲದೆ, ಹಗುರ ಮಾಡುವುದೇ ಡ್ರೆಸ್ಸರನ ಕೆಲಸವೆಂದು ನಂಬಿದ್ದೇನೆ. ‘ಆತುರವಿಲ್ಲದೆ’ ಎಂಬುದರ ಆಚೆಗೊಂದು ಈಚೆಗೊಂದು ಅಲ್ಪವಿರಾಮ. ಅವೆರಡನ್ನು ಇಡಲೇ, ಬೇಡವೇ ಎಂದು ಅರ್ಧ ದಿನ ಯೋಚಿಸಿದ್ದೆ. ಇಟ್ಟೆ. ಓದುವವನು ಅಲ್ಲಿ ಒಂದು ಕ್ಷಣ ನಿಲ್ಲಲಿ ಎಂದು.

ಐದನೆಯ ದಿನ ಅವನು ನಕಲು ಮಾಡಲು ಕುಳಿತ. ನಮ್ಮ ಊಟದ ಮೇಜಿನ ಮೇಲೆಯೇ. ಮೂರನೆಯ ಬೆಂಚಿನ ಹುಡುಗ ಎಲ್ಲಿಗೂ ಹೋಗಿರಲಿಲ್ಲ. ಒಂದು ಅಕ್ಷರದ ಬಾಲ ಕೆಟ್ಟರೂ ಹಾಳೆ ತೆಗೆದು ಹೊಸದು ಹಾಕುತ್ತಿದ್ದ. ರಬ್ಬರಿನಿಂದ ಉಜ್ಜಬಹುದಾದ ಪೆನ್ಸಿಲ್ ಆಗಿದ್ದರೆ ಬೇಗ ಆಗುತ್ತಿತ್ತೇನೋ, ಇದು ಶಾಯಿ. ಕೆಲಸ ಮುಗಿಸಿ ಬಂದು ಎರಡು ಗಂಟೆ ಬರೆದು ಎದ್ದು ಹೋದ. ಆರನೆಯ ದಿನ ಸಂಜೆ ಒಂದು ಪುಟ ಪೂರ್ತಿಯಾಯಿತು. ಮುತ್ತು ಜೋಡಿಸಿದ ಹಾಗಿತ್ತು. ನಾನು ಓದಿದೆ. ಎಂಟನೆಯ ಸಾಲಿನಲ್ಲಿ ‘ಸಂಕಟವನ್ನು’ ಎಂಬುದು ಬಿಟ್ಟುಹೋಗಿ, ನೋವುಂಡವರನ್ನೇ ಹಗುರ ಮಾಡುವುದೆಂದಾಗಿತ್ತು.

“ಇದು ತಪ್ಪು” ಎಂದೆ.

“ಮೇಲೆ ಸೇರಿಸಿಬಿಡಲಾ? ಸಣ್ಣದಾಗಿ?”

“ಛೆ, ಚೆಲ್ಲಾಟವೇ? ಅಷ್ಟು ಮುಖ್ಯವಾದ ವಾಕ್ಯ. ಪೂರ್ತಿ ಮತ್ತೆ ಬರಿ.”

ಹೆಂಡತಿ ತಡೆಯಲಾರದೆ ಒಳಗಿನಿಂದ ಬಂದಳು. “ರೀ, ಅದು ಪರೀಕ್ಷೆಯ ಉತ್ತರ ಪತ್ರಿಕೆ ಅಲ್ಲ. ಮನೆಗೆ ಬೆಂಕಿ ಬಿದ್ದಾಗ ನೀರು ತರೋಕೆ ಹೋದವನು ಕೊಡ ಬೆಳಗ್ತಾ ಕೂತನಂತೆ. ಕೊಟ್ಟು ಬರಲಿ ಬಿಡಿ.”

“ತಪ್ಪಿರೋ ಕಾಗದಕ್ಕೆ ನನ್ನ ವಿದ್ಯಾರ್ಥಿ ಸಹಿ ಹಾಕೋದಿಲ್ಲ” ಎಂದೆ.

ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಹೊಸ ಹಾಳೆ ತೆಗೆದ.

ಏಳನೆಯ ದಿನ ಅವನಿಗೆ ಕೆಲಸವಿತ್ತು. ಮಧ್ಯಾಹ್ನದ ಊಟ ಬಿಟ್ಟು ಬರೆದ. ಸಂಜೆ ನಾಲ್ಕೂವರೆಗೆ ಕಾಗದ ಮುಗಿಸಿ ಆಫೀಸಿಗೆ ಹೊರಡಬೇಕು ಎನ್ನುವಾಗ ಸುಟ್ಟ ಕೈಯೊಂದು ಬಂದಿತು. ಬೇರೆ ಯಾರಾದರೂ ‘ಕೂತಿರಮ್ಮ’ ಎಂದು ಆಫೀಸಿಗೆ ಓಡಿ ಬರುತ್ತಿದ್ದರು. ಇವನು ಸಲೈನ್ ಬಾಟಲಿಯನ್ನು ಕೆನ್ನೆಗೆ ತಾಗಿಸಿದ. ಬಟ್ಟೆ ತೇಲಿತು, ಆಫೀಸಿನ ಬಾಗಿಲು ಐದಕ್ಕೆ ಮುಚ್ಚಿತು. ಐದು ಗಂಟೆ ಹತ್ತು ನಿಮಿಷಕ್ಕೆ ಅವನು ಹೋದಾಗ ಬೀಗ ಕಂಡಿತು. ಮರುದಿನ ಬೆಳಗ್ಗೆ ಗುಮಾಸ್ತ ಕಾಗದ ತೆಗೆದುಕೊಂಡ, ಎಂಟನೆಯ ದಿನದ ಮೊಹರು ಒತ್ತಿದ, ಫೈಲಿಗೆ ಸೇರಿಸಿದ. ವರ್ಗದ ಆದೇಶ ಆಗಲೇ ಮೇಜಿನ ಮೇಲಿತ್ತು.

ನಾನು ಕೋಲು ಹಿಡಿದು ಆಡಳಿತಾಧಿಕಾರಿಯ ಬಳಿಗೆ ಹೋದೆ. ಒಂದೂವರೆ ಗಂಟೆ ಬೆಂಚಿನ ಮೇಲೆ ಕುಳಿತ ಮೇಲೆ ಒಳಗೆ ಕರೆದರು. ಒರಟು ಮನುಷ್ಯರಲ್ಲ. ಎದ್ದು ಕುರ್ಚಿ ತೋರಿಸಿದರು. ಪತ್ರವನ್ನು ನನ್ನೆದುರಿಗೇ ಓದಿದರು.

“ಇದನ್ನು ಬರೆದಿದ್ದು ನೀವಾ? ತುಂಬಾ ಚೆನ್ನಾಗಿದೆ ಸರ್. ಇಂಥ ಇಂಗ್ಲಿಷ್ ಈಗ ಯಾರು ಬರೀತಾರೆ?”

“ವಿಷಯಕ್ಕೆ ಬನ್ನಿ ಸ್ವಾಮಿ. ಅವನನ್ನ ಅಲ್ಲೇ ಬಿಡಿ.”

“ಮೊಹರು ನೋಡಿ. ಎಂಟನೇ ದಿನ. ಏಳರ ಒಳಗೆ ಬಂದಿದ್ದರೆ ಇದನ್ನೇ ಆಧಾರ ಮಾಡಿಕೊಂಡು ಮೇಲಕ್ಕೆ ಬರೀತಿದ್ದೆ. ಆದೇಶ ಹೋಗಿಬಿಟ್ಟಿದೆ. ಒಂದೇ ಒಂದು ದಿನ ಸರ್! ಮೊದಲೇ ತರಬೇಕಿತ್ತು.”

ಒಂದು ದಿನ. ಆ ದಿನವನ್ನು ತಿಂದವನು ನಾನು. ಆರನೆಯ ಸಂಜೆ ಸಾಲಿನ ಮೇಲೆ ಸಣ್ಣದಾಗಿ ಒಂದು ಪದ ಸೇರಿಸಿದ್ದರೆ ಮುಗಿಯುತ್ತಿತ್ತು. ಮನೆಗೆ ಬಂದು ನಿಘಂಟನ್ನು ಕಪಾಟಿನೊಳಗೆ ತಳ್ಳಿದೆ.

ಡ್ರೆಸ್ಸಿಂಗ್ ಕೋಣೆಗೆ ಬೇರೊಂದು ಆಸ್ಪತ್ರೆಯಿಂದ ನಡುವಯಸ್ಸಿನ ಡ್ರೆಸ್ಸರ್ ಒಬ್ಬ ಬಂದ. ಅವನಿಗೂ ವಾರದೊಳಗೆ ಹೆಸರು ಬಿತ್ತು: ‘ಚಟಾಪಟ್’. ಮೊದಲ ದಿನ ನನ್ನ ಹಿಮ್ಮಡಿಯ ಬಟ್ಟೆಯನ್ನು ಅವನು ಎಳೆದಾಗ ಎಪ್ಪತ್ತೆಂಟು ವರ್ಷದ ನಾನು ಕೂಗಿದ ಕೂಗು ಕಾರಿಡಾರಿನ ಕೊನೆಯವರೆಗೆ ಕೇಳಿಸಿತಂತೆ. ಹೊಸದಾಗಿ ಬಂದಿದ್ದ ತೆಳು ಚರ್ಮವೂ ಬಟ್ಟೆಯ ಜೊತೆ ಎದ್ದು ಬಂದಿತ್ತು. “ಆಯ್ತು ಸಾರ್, ಮುಗೀತು, ಮುಂದಿನವರು!” ಎಂದ. ಕೆಟ್ಟವನಲ್ಲ. ಗೋಡೆಯ ಮೇಲಿನ ಎಂಟು ಅವನ ಬೆನ್ನು ಹತ್ತಿತ್ತು, ಅಷ್ಟೆ.

ಕೂಗು ಕೇಳಿದವರಲ್ಲಿ ಮೆಲ್ಲಗಪ್ಪನೂ ಒಬ್ಬ. ಬಟ್ಟೆ ಉಗ್ರಾಣದ ಕಿಟಕಿ ಅದೇ ಕಾರಿಡಾರಿಗೆ ತೆರೆಯುತ್ತದೆ. ಅದರ ಕೆಳಗೇ ಉದ್ದನೆಯ ಬೆಂಚು. ಡ್ರೆಸ್ಸಿಂಗಿಗೆ ಬಂದವರು ಸರದಿ ಕಾಯುವುದು ಅಲ್ಲಿಯೇ. ಮುಂದಿನ ಸಲ ನಾನು ಹೋದಾಗ ಕಿಟಕಿಯಿಂದ ಅವನ ತಲೆ ಹೊರಬಂತು.

“ಮೇಷ್ಟ್ರೇ, ಟೋಕನ್ ಎಷ್ಟು?”

“ಹನ್ನೊಂದು.”

“ಈಗ ನಡೀತಿರೋದು ಆರು. ಹೇಗೂ ಕಾಯ್ತೀರ. ನೆನೆಸ್ಕೊಂಡು ಕಾಯಿರಿ. ಕಾಲು ಎತ್ತಿಡಿ.”

ಕಿಟಕಿಯ ಕಟ್ಟೆಯ ಮೇಲೆ ಬಿಸಿನೀರಿನ ಪಾತ್ರೆಯಲ್ಲಿ ಸಲೈನ್ ಬಾಟಲಿ ನಿಂತಿತ್ತು. ಹರಿದು ಲೆಕ್ಕದಿಂದ ತೆಗೆದ ಹೊದಿಕೆಗಳನ್ನು ಕುದಿಸಿ, ಒಣಗಿಸಿ, ಅಂಗೈಯಗಲದ ಚೂರು ಮಾಡಿ ಪೇರಿಸಿದ್ದ. ಒಬ್ಬರಿಗೆ ಒಂದು ಚೂರು. ನೆನೆಸಿ ಬ್ಯಾಂಡೇಜಿನ ಮೇಲೆ ಹಾಕಿ, ಬಾಟಲಿಯಿಂದ ಆಗಾಗ ಹನಿಸುವುದು. ಬಾಟಲಿಗಳನ್ನು ಕಳಿಸುತ್ತಿದ್ದವರು ಹಿರಿಯ ಸಿಸ್ಟರ್. “ನನಗೇನೂ ಗೊತ್ತಿಲ್ಲಪ್ಪ” ಎಂದು ಹೇಳಿಕೊಂಡೇ ದಿನಕ್ಕೆ ನಾಲ್ಕು ಇಟ್ಟು ಹೋಗುತ್ತಿದ್ದರು.

ನನ್ನ ಸರದಿ ಬರುವಷ್ಟರಲ್ಲಿ ಬಟ್ಟೆ ತೇಲಿತ್ತು. ಒಳಗೆ ಚಟಾಪಟ್ ಎಳೆದ. ಅದು ಎಲೆಯ ಹಾಗೆ ಕೈಗೆ ಬಂತು. ಅವನಿಗೇ ಆಶ್ಚರ್ಯ. ಎರಡು ಮೂರು ವಾರದಲ್ಲಿ ಬೆಂಚಿನ ಮೇಲಿದ್ದವರೆಲ್ಲ ಕೈಕಾಲು ನೆನೆಸಿಕೊಂಡೇ ಒಳಗೆ ಹೋಗತೊಡಗಿದರು. ಕೂಗು ನಿಂತಿತು. ಚಟಾಪಟ್ ಗಂಟೆಗೆ ಎಂಟಲ್ಲ, ಹತ್ತು ಮುಗಿಸುತ್ತಿದ್ದ.

ಅದರ ಫಲ ಎರಡು ತಿಂಗಳಿಗೆ ಬಂದಿತು. ಕಳೆದ ವಾರ ನಾನು ಹೋದಾಗ ಸೂಚನಾ ಫಲಕದ ಮುಂದೆ ಗುಂಪಿತ್ತು. ಹಿರಿಯ ಸಿಸ್ಟರ್ ನನ್ನನ್ನು ಕರೆದರು. “ಮೇಷ್ಟ್ರೇ, ನೀವೇ ಓದಿ. ನಾನು ಓದಿದರೆ ಬಿಪಿ ಏರುತ್ತೆ.”

ಚಟಾಪಟ್‌ಗೆ ಬಂದ ಪ್ರಶಂಸಾ ಪತ್ರ ಅದು, ಮೇಲಿನ ಕಚೇರಿಯ ಸಹಿಯೊಂದಿಗೆ. ಮೊದಲೆರಡು ಸಾಲು ಸವಕಲು ಇಂಗ್ಲಿಷ್. ಮೂರನೆಯ ಸಾಲಿಗೆ ಬಂದಾಗ ನನ್ನ ಕಣ್ಣು ನಿಂತಿತು. ನೋವುಂಡವರ ಸಂಕಟವನ್ನು, ಶೀಘ್ರವಾಗಿ, ಹಗುರ ಮಾಡುವುದೇ ಡ್ರೆಸ್ಸರನ ಕೆಲಸವೆಂದು ನಂಬಿದವರು ಇವರು. ಅದೇ ಕ್ರಿಯಾಪದ. ಅದೇ ಎರಡು ಅಲ್ಪವಿರಾಮ. ಅವುಗಳ ನಡುವಿನ ನನ್ನ ಪದವನ್ನು ಎಬ್ಬಿಸಿ ಬೇರೊಬ್ಬನನ್ನು ಕೂರಿಸಿದ್ದರು.

“ಇದು ನನ್ನದು!” ಎಂದೆ. ಧ್ವನಿ ಏರಿತು. “ಇದು ಮೆಲ್ಲಗಪ್ಪನ ಕಾಗದ!”

“ಗೊತ್ತು” ಎಂದರು ಸಿಸ್ಟರ್. “ಗುಮಾಸ್ತನಿಗೆ ಬರೆಯೋಕೆ ಬರಲಿಲ್ಲ. ಫೈಲಲ್ಲಿ ಒಳ್ಳೆ ಇಂಗ್ಲಿಷ್ ಇದ್ದ ಕಾಗದ ಅದೊಂದೇ ಇತ್ತಂತೆ.”

ನಾನು ಕೋಲು ಕುಟ್ಟಿಕೊಂಡು ಕಿಟಕಿಗೆ ಹೋದೆ. ಅವನು ದಿಂಬಿನ ಚೀಲಗಳನ್ನು ಅಂಚಿಗೆ ಅಂಚು ಸೇರಿಸಿ ಮಡಿಸುತ್ತಿದ್ದ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಮಡಿಕೆ ಮುಗಿಸಿ, ಅಂಗೈಯಿಂದ ಸವರಿ, ಪೇರಿಸಿ, ಆಮೇಲೆ ತಲೆಯೆತ್ತಿದ.

“ಆ ಪದ ಸರಿಯಾಗಿ ಬಳಸಿದ್ದಾರಾ ಮೇಷ್ಟ್ರೇ? ‘ಸಂಕಟವನ್ನು’ ಇದೆಯಾ? ಬಿಟ್ಟಿಲ್ಲ ತಾನೆ?”

ಆ ಪತ್ರವನ್ನು ನಾನು ಮೂರು ಸಲ ಓದಿದ್ದೆ. ಜೇಬಿನಲ್ಲಿ ಕೆಂಪು ಪೆನ್ನಿತ್ತು. ನಿವೃತ್ತನಾದ ಮೇಲೂ ಅಭ್ಯಾಸ ಹೋಗಿಲ್ಲ. ಒಂದು ತಪ್ಪು ಸಿಕ್ಕಿದ್ದರೂ ಸಾಕಿತ್ತು, ಫಲಕದ ಗಾಜಿನ ಮೇಲೆಯೇ ಸುತ್ತು ಹಾಕಿ ಬರುತ್ತಿದ್ದೆ.

“ಇದೆ” ಎಂದೆ. “ಪ್ರಯೋಗ ಸರಿಯಾಗಿದೆ.”

“ಮತ್ತೆ?”

“ಮತ್ತೆ ಏನು ಮತ್ತೆ? ಮೇಲಿನ ಕಚೇರಿಗೆ ಬರೀತೀನಿ. ಇವತ್ತೇ ಶುರು ಮಾಡ್ತೀನಿ. ನೀನು ಸಂಜೆ ಬಾ.”

“ಬೇಡ ಮೇಷ್ಟ್ರೇ” ಎಂದ. ನಗು ತಡೆಯಲು ನೋಡಿದ, ಆಗಲಿಲ್ಲ. “ನಾವಿಬ್ಬರೂ ಸೇರಿ ಬರೆದು ಮುಗಿಸೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ.”

ನನಗೆ ನಗು ಬರಲಿಲ್ಲ. ಈಗ ಬರೆಯುವಾಗಲೂ ಬರುತ್ತಿಲ್ಲ. ಅವನು ಅಲ್ಲಿ, ಮೂವತ್ತು ವರ್ಷ ಪಳಗಿದ ಕೈಗಳಿಂದ ದಿಂಬಿನ ಚೀಲ ಎಣಿಸುತ್ತಾನೆ. ಕೊನೆಯ ಪದರ ಬಂದಾಗ ಚಿಮ್ಮಟವನ್ನು ರೋಗಿಯ ಕೈಗೆ ಕೊಡುವವರು ಒಳಗೆ ಯಾರೂ ಇಲ್ಲ. ಕಾಗದ ಯಾವಾಗ ಕೊಡಬೇಕೆಂಬುದನ್ನು ಕಲಿಯದೆ ಕಾಗದ ಹೇಗಿರಬೇಕೆಂಬುದನ್ನು ಮೂವತ್ತಮೂರು ವರ್ಷ ಕಲಿಸಿದವನು ನಾನು.

“ಟೋಕನ್ ಎಷ್ಟು?” ಎಂದು ಕೇಳಿದ.

“ಒಂಬತ್ತು. ಮಾತು ಮರೆಸಬೇಡ.”

“ಈಗ ನಡೀತಿರೋದು ಐದು” ಎಂದ. ಬಾಟಲಿಯನ್ನು ಕೆನ್ನೆಗೆ ತಾಗಿಸಿ ನೋಡಿ, ಇನ್ನೂ ಸ್ವಲ್ಪ ಬಿಸಿಯಿದೆಯೆಂದು ಪಕ್ಕಕ್ಕಿಟ್ಟ. “ಕೋಪ ಇರಲಿ ಮೇಷ್ಟ್ರೇ, ಎಲ್ಲಿಗೆ ಹೋಗುತ್ತೆ? ಕಾಲು ಎತ್ತಿಡಿ.”

ನಾನು ಬೆಂಚಿನ ಮೇಲೆ ಕಾಲು ಎತ್ತಿಟ್ಟೆ.